ನವೆಂಬರಿನ ಮೊದಲ ವಾರ

ಗಾಡಿಯ ಹಿಂದಿನ ಸೀಟುಗಳನ್ನು ಕಿತ್ತು ಗ್ಯಾರೇಜಿನ ಗೋಡೆಗೆ ಒರಗಿಸಿ, ಆ ಖಾಲಿ ಜಾಗದಲ್ಲಿ ಅಂಗಾತ ಮಲಗಿ, ಕಾಲು ಪೂರ್ತಿ ಚಾಚಲು ಆಗುತ್ತದೆಯೇ ಎಂದು ಮಾರ್ಲಿಸ್ ನೋಡುತ್ತಿದ್ದಾಗಲೇ ತಮ್ಮ ವರ್ಲಿನ್‌ನ ಟ್ರಕ್ಕು ಅಂಗಳಕ್ಕೆ ಬಂದು ನಿಂತಿತು. ಹೆಬ್ಬೆರಳು ಬಾಗಿಲಿಗೆ ತಾಗುತ್ತಿತ್ತು. ಸ್ವಲ್ಪ ಓರೆಯಾದಳು, ಸರಿಹೋಯಿತು. ಐವತ್ತೊಂದು ವರ್ಷದ ಹೆಂಗಸು ಹಾಡುಹಗಲಲ್ಲಿ ಗಾಡಿಯೊಳಗೆ ಹೀಗೆ ಹೊರಳಾಡುವುದನ್ನು ಕಂಡರೆ ಜನ ಏನಂದಾರು ಎಂಬ ಯೋಚನೆ ಬಾರದೆ ಇರಲಿಲ್ಲ. ಬಂದರೂ ಅವಳು ಏಳಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಇದಕ್ಕೇ ನೋಡು," ಎಂದಳು ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸೇಬಿನ ಸಿಪ್ಪೆ ತೆಗೆಯುತ್ತಿದ್ದ ತಾಯಿ ಆರ್ಡಿಸ್. ಎಂಬತ್ತು ದಾಟಿದರೂ ಅವಳ ಚಾಕು ಇನ್ನೂ ನಡುಗುತ್ತಿರಲಿಲ್ಲ, ನಾಲಿಗೆಯಂತೂ ಎಂದೂ ನಡುಗಿದ್ದಿಲ್ಲ.

ವರ್ಲಿನ್ ಬಗ್ಗಿ ಗಾಡಿಯೊಳಗೆ ಇಣುಕಿದ. "ಅಕ್ಕಾ, ಉಸಿರಾಡ್ತಾ ಇದೀಯ ತಾನೆ?"

"ಸದ್ಯಕ್ಕೆ. ಏನ್ ಬಂದೆ?"

"ಪಟ್ಟಿ ಕೊಟ್ಟು ಹೋಗೋಣ ಅಂತ."

ಪ್ರತಿ ಸೆಪ್ಟೆಂಬರಿನಲ್ಲೂ ಅವನು ಅಡುಗೆ ಸಾಮಾನಿನ ಈ ಪಟ್ಟಿ ತರುತ್ತಿದ್ದ. ವಿಸ್ಕಾನ್ಸಿನ್ನಿನ ಆ ಭಾಗದಲ್ಲಿ ನವೆಂಬರ್ ಬಂತೆಂದರೆ ಗಂಡಸರೆಲ್ಲ ಜಿಂಕೆ ಬೇಟೆಗೆಂದು ಬಂದೂಕು ಹೆಗಲಿಗೇರಿಸಿ ಕಾಡಿನ ಬಿಡಾರ ಸೇರುತ್ತಾರೆ. ಇವರ ಹಾಗೆಗನ್ ಮನೆತನದ ಬಿಡಾರದಲ್ಲಿ ಏಳು ಗಂಡಸರು, ಒಂಬತ್ತು ದಿನ. ಅವರಿಗೆ ನಸುಕಿಗೆ ಮೊದಲು ದೋಸೆಯಂಥ ಪ್ಯಾನ್‌ಕೇಕು, ಮಧ್ಯಾಹ್ನಕ್ಕೆ ಸೂಪು, ಸಂಜೆ ಒಣ ಬೀನ್ಸು ಹಾಕಿ ಬೇಯಿಸಿದ ಮಾಂಸ, ಜೊತೆಗೆ ಸಿಹಿಗೆ ಪೈ. ಮಾರ್ಲಿಸ್ ದುಡಿಯುವ ಚೀಸ್ ಕಾರ್ಖಾನೆಯಲ್ಲಿ ನವೆಂಬರಿನ ರಜಕ್ಕೆ ಹೊಡೆದಾಟ. ಒಬ್ಬರಿಗೆ ಒಂದೇ ವಾರ. ಆ ಒಂದು ವಾರವನ್ನು ಅವಳು ಹತ್ತೊಂಬತ್ತು ವರ್ಷ ಆ ಬಿಡಾರದ ಒಲೆಗೆ ಹಾಕಿದ್ದಳು. ಅದಕ್ಕೆ ಮೊದಲು ಹಾಕುತ್ತಿದ್ದವಳು ಆರ್ಡಿಸ್.

ಮಾರ್ಲಿಸ್ ಗಾಡಿಯಿಂದ ಇಳಿದು ಮೊಣಕಾಲು ಒರೆಸಿಕೊಂಡಳು. ಪಟ್ಟಿಗೆ ಕೈಚಾಚಲಿಲ್ಲ.

"ಈ ಸಲ ನಾನು ಬರಲ್ಲ ಕಣೋ. ರಜ ಮೊದಲನೇ ವಾರಕ್ಕೆ ಬರೆಸಿದೀನಿ."

"ಬಂದೂಕಿನ ಬೇಟೆ ಶುರುವಾಗೋದು ಮೂರನೇ ವಾರ ಅಲ್ವಾ. ತಪ್ಪು ಬರೆಸಿದೀಯ."

"ತಪ್ಪಲ್ಲ. ನೆಬ್ರಾಸ್ಕಕ್ಕೆ ಹೋಗ್ತಿದೀನಿ. ಬಿಲ್ಲು ತಗೊಂಡು. ಜಿಂಕೆಗೆ."

ವರ್ಲಿನ್ ಮೊದಲು ತಾಯಿಯ ಮುಖ ನೋಡಿದ, ಆಮೇಲೆ ಗೋಡೆಗೆ ಒರಗಿದ್ದ ಸೀಟುಗಳನ್ನು ನೋಡಿದ, ಆಮೇಲೆ ನಕ್ಕ. ಅವನದು ಕೆಟ್ಟ ನಗುವಲ್ಲ. ಚಿಕ್ಕಂದಿನಿಂದ ಅಕ್ಕ ಹೇಳಿದ್ದಕ್ಕೆಲ್ಲ ನಕ್ಕು ರೂಢಿ. ಆದರೆ ಮಾರ್ಲಿಸ್‌ಗೆ ಮೈಯೆಲ್ಲ ಉರಿಯಿತು.

"ಒಳಗೆ ಬಾ, ತೋರಿಸ್ತೀನಿ," ಎಂದಳು.

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಅವಳು ಜೂನ್‌ನಿಂದ ಅದರ ಮೇಲೆಯೇ ಊಟ ಮಾಡುತ್ತಿದ್ದಳು. ಒಂದು ಮೂಲೆಯಲ್ಲಿ ಟೊಮೇಟೊ ಸಾರಿನ ಕಲೆ. ಹೊರರಾಜ್ಯದವರಿಗೆ ಕೊಡುವ ಬೇಟೆಯ ಪರವಾನಗಿ ಆಗಲೇ ಕೈಗೆ ಬಂದಿತ್ತು. ಮಲಗುವುದು ಗಾಡಿಯಲ್ಲಿ. ಊಟ ಮನೆಯಿಂದಲೇ, ಇಟ್ಟಿಗೆಯಂತೆ ಹೆಪ್ಪುಗಟ್ಟಿಸಿದ ಹತ್ತು ಡಬ್ಬ. ಡಬ್ಬ ಖಾಲಿಯಾದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಾಂಸಕ್ಕೆ ಜಾಗ. ಜಿಂಕೆ ಸಿಕ್ಕರೆ ಅಲ್ಲೇ ಮೂಳೆ ಬಿಡಿಸಬೇಕು. ಜಿಂಕೆಗಳ ರೋಗ ಹರಡೀತೆಂಬ ಭಯಕ್ಕೆ ತಲೆ, ಬೆನ್ನೆಲುಬು ರಾಜ್ಯದ ಗಡಿ ದಾಟುವಂತಿಲ್ಲ. ಸ್ನಾನ ಲಾರಿಯವರ ನಿಲ್ದಾಣದಲ್ಲಿ. ಬಿಲ್ಲು ಪಕ್ಕದ ಮನೆಯವರು ಅಂಗಳದಲ್ಲಿಟ್ಟು ಮಾರಿದ ಹಳೆಯದು. ದಾರಿ ತೋರಿಸುವವನಿಗೆ ಕೊಡಲು ಅವಳಲ್ಲಿ ದುಡ್ಡಿರಲಿಲ್ಲ; ಇದ್ದಿದ್ದರೂ ಕೊಡುತ್ತಿರಲಿಲ್ಲ.

"ಇಲ್ಲಿ ನಮ್ಮದೇ ಎಂಬತ್ತು ಎಕರೆ ಇಟ್ಕೊಂಡು ಹತ್ತು ಗಂಟೆ ದಾರಿ ಯಾಕೇ ಅಕ್ಕಾ?" ಎಂದ ವರ್ಲಿನ್.

"ಆ ಎಂಬತ್ತು ಎಕರೆಯಲ್ಲಿ ಕಾದು ಕೂರೋಕೆ ಏಳು ಮರದ ಮೇಲೆ ಏಳು ಅಟ್ಟಣೆ, ಏಳು ಗಂಡಸರಿಗೆ. ಮೂರು ವರ್ಷದಿಂದ ಕೇಳ್ತಾ ಇದೀನಿ, ಬಿಲ್ಲಿನ ಹಂಗಾಮಿನಲ್ಲಾದ್ರೂ ಒಂದು ಮರ ಕೊಡ್ರೋ ಅಂತ. ಏನಂದ್ರಿ?"

"ವಾಸನೆ ಹರಡುತ್ತೆ, ನವೆಂಬರಿಗೆ ಜಿಂಕೆ ಬೆದರುತ್ತೆ ಅಂದ್ವಿ. ಅದು ನಿಜ."

"ನಿಮ್ಮ ವಾಸನೆಗೆ ಬೆದರದ ಜಿಂಕೆ ನನ್ನದಕ್ಕೆ ಬೆದರುತ್ತಾ? ಆರನೇ ದಿನ ನಿಮ್ಮ ಕಾಲುಚೀಲ ಒಲೆ ಮೇಲೆ ಒಣಗಿಸಿದೋಳು ನಾನು. ನನ್ನ ಹತ್ರ ವಾಸನೆ ಮಾತಾಡ್ಬೇಡ."

ಆರ್ಡಿಸ್ ಸೇಬಿನ ಪಾತ್ರೆ ಹೊತ್ತು ಒಳಗೆ ಬಂದಿದ್ದಳು. ಫಕ್ಕನೆ ನಕ್ಕುಬಿಟ್ಟಳು. ಅದರಿಂದ ವರ್ಲಿನ್‌ಗೆ ಮುಖಭಂಗವಾಯಿತು, ಮುಖಭಂಗವಾದವನು ಬಿಡಾರದ ಗೋಡೆಯ ಮಾತನ್ನು ಎಳೆದು ತಂದ.

"ಮರ ಕೊಡದೆ ಇದ್ದಿದ್ದಕ್ಕೆ ಬೇರೆ ಕಾರಣಾನೂ ಇದೆ. ನಿನ್ನ ಅಂಗಿ ಚುಂಗು ಇನ್ನೂ ಅಲ್ಲೇ ನೇತಾಡ್ತಾ ಇದೆ, ಗೊತ್ತು ತಾನೆ? ಮರ್ತು ಹೋಯ್ತಾ?"

ಮರೆಯುವ ಮಾತೇ ಇರಲಿಲ್ಲ. ಗುರಿ ತಪ್ಪಿದವರ ಅಂಗಿಯ ಹಿಂಭಾಗವನ್ನು ಕತ್ತರಿಸಿ, ಹೆಸರು ಬರೆದು ಗೋಡೆಗೆ ಮೊಳೆ ಹೊಡೆಯುವುದು ಆ ಬಿಡಾರಗಳ ಪದ್ಧತಿ. ಎಲ್ಲರದೂ ಒಂದೊಂದು ಇತ್ತು, ವರ್ಲಿನ್‌ದೇ ನಾಲ್ಕು. ಗಂಡಸರ ಚುಂಗು ಮುಂದಿನ ವರ್ಷ ನಗೆಯ ಮಾತಾಗುತ್ತಿತ್ತು. ಹದಿನೇಳನೇ ವಯಸ್ಸಿನಲ್ಲಿ ಕತ್ತರಿಸಿದ ಮಾರ್ಲಿಸ್‌ಳ ಕೆಂಪು ಚೌಕಳಿಯ ಚುಂಗು ಮಾತ್ರ ತೀರ್ಪಾಗಿ ಕೂತಿತು. ಅದಾದ ಮೇಲೆ ಯಾರೂ ಅವಳನ್ನು ಕಾಡಿಗೆ ಕರೆಯಲಿಲ್ಲ.

"ನನ್ನ ಗುರಿ ತಪ್ಪಿರಲಿಲ್ಲ," ಎಂದಳು ಮಾರ್ಲಿಸ್. "ಬಾಣ ಹೊಟ್ಟೆಗೆ ತಗುಲಿತ್ತು. ಹೊಟ್ಟೆಗೆ ತಗುಲಿದ್ರೆ ಬೆಳಗಿನ ತನಕ ಬಿಡಬೇಕು. ಬಿಟ್ರೆ ಅಲ್ಲೇ ಹತ್ತಿರದಲ್ಲಿ ಮಲಗುತ್ತೆ, ಅಲ್ಲೇ ಪ್ರಾಣ ಬಿಡುತ್ತೆ. ಬೆನ್ನು ಹತ್ತಿದ್ರೆ ಎದ್ದು ಓಡುತ್ತೆ. ಬೆಳಗಿನ ತನಕ ಕಾಯೋಣ ಅಂತ ಬೇಡಿಕೊಂಡೆ. ಕಾದ್ರಾ?"

"ಅಪ್ಪ ಹೇಳ್ತಿದ್ದದ್ದೇ ಬೇರೆ. ಬಾಣ ತಗುಲೇ ಇರಲಿಲ್ಲ, ಹುಡುಗಿ ಕಥೆ ಕಟ್ಟಿದ್ಳು ಅಂತ."

"ತಗುಲಿತ್ತು ಕಣೋ," ಎಂದಳು ಆರ್ಡಿಸ್.

ಅವಳು ಪಾತ್ರೆಯನ್ನು ಮೇಜಿನ ಮೇಲಿಟ್ಟಳು, ನಕ್ಷೆಯ ಮೇಲೆ, ಅಯೋವಾ ರಾಜ್ಯದ ಮೇಲೆ ಸರಿಯಾಗಿ.

"ನಿಮ್ಮಪ್ಪ ಎರಡು ಗ್ಲಾಸು ಬ್ರಾಂದಿ ಹಾಕಿದ್ದ. ಲಾಟೀನು ಹಿಡ್ಕೊಂಡು ಆಗಲೇ ಹೊರಟ. ಜಿಂಕೆ ಜೌಗಿಗೆ ಬಿದ್ದು ಹೋಯ್ತು. ವಾಪಸು ಬಂದಾಗ ಬೂಟಿನ ತುಂಬ ರಕ್ತ ಇತ್ತು, ತೊಳೆದೋಳು ನಾನೇ. ತಾನು ಕೆಡಿಸಿದೆ ಅನ್ನೋಕೆ ನಾಲಿಗೆ ಬರಲಿಲ್ಲ ಅವನಿಗೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. 'ಕತ್ತರಿ ಕೊಡೇ ಆರ್ಡಿಸ್' ಅಂದ." ಒಂದು ಸೇಬು ಎತ್ತಿಕೊಂಡಳು, ಹಾಗೇ ಇಟ್ಟಳು. "ಕೊಟ್ಟೆ."

ವರ್ಲಿನ್ ಕುರ್ಚಿಯಲ್ಲಿ ಕುಳಿತ. ತಂದೆ ಹಾರ್ಲನ್ ಸತ್ತು ಆರು ವರ್ಷವಾಗಿತ್ತು. ಸತ್ತವನ ಬಗ್ಗೆ ತಾಯಿ ಹೀಗೆ ಮಾತಾಡಿದ್ದನ್ನು ಅವನು ಕೇಳಿದ್ದಿಲ್ಲ. ಮಾರ್ಲಿಸ್ ಕೂಡ ಕೇಳಿರಲಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ಒಂದು ಬಾಯಿಂದ ಬರಲೆಂದು ಕಾದಿದ್ದ ಮಾತು ಬಂದಾಗ ಅವಳಿಗೆ ಸಂತೋಷವಾಗಬೇಕಿತ್ತು. ಆಗಿದ್ದು ಕೋಪ, ಈ ಮುದುಕಿಯ ಮೇಲೆಯೂ.

"ಆವತ್ತೇ ಹೇಳಬಾರದಾಗಿತ್ತಾ ಅಮ್ಮಾ?"

"ಹೇಳಬೇಕಾಗಿತ್ತು," ಎಂದಳು ಆರ್ಡಿಸ್.

ವರ್ಲಿನ್ ಕೊನೆಗೆ ನಕ್ಷೆಯ ಮೇಲೆ ಬಾಗಿದ, ಮಾತು ಬದಲಿಸಲೋ, ಸೋಲಲು ಮನಸ್ಸಿಲ್ಲದೆಯೋ. ಬೇಟೆಗಾರನ ಕಣ್ಣು, ತಪ್ಪು ಹುಡುಕಲು ನಿಮಿಷ ಹಿಡಿಯಲಿಲ್ಲ.

"ಈ ಹಸಿರು ಚೂರು ಸರ್ಕಾರಿ ಜಾಗ, ಸರಿ. ಸುತ್ತ ಎಲ್ಲಾ ಒಬ್ಬನ ಹೊಲ. ಆ ಕಡೆ ನದಿ. ಹಾರಿ ಹೋಗ್ತೀಯಾ ಒಳಗೆ?"

"ಹೊಲದ ಯಜಮಾನನ್ನ ಕೇಳ್ತೀನಿ."

"ಕೇಳಿದೀಯಾ?"

ಕೇಳಿರಲಿಲ್ಲ. ಅಂಚೆ ಕಚೇರಿಯವರಿಂದ ಹೆಸರು ಪತ್ತೆ ಮಾಡಿ, ನಂಬರು ಬರೆದಿಟ್ಟು ಹದಿನೈದು ದಿನವಾಗಿತ್ತು. ದಿನಾ ಫೋನು ಕೈಗೆತ್ತಿಕೊಂಡು ಇಟ್ಟುಬಿಡುತ್ತಿದ್ದಳು. ಅವನು ಆಗಲ್ಲ ಎಂದರೆ ಎಲ್ಲವೂ ಮುಗಿಯಿತು; ಆ ವಾರ ಮತ್ತೆ ಒಲೆಯ ಪಾಲು.

"ಫೋನು ಕೊಡು, ನಾನು ಮಾತಾಡ್ತೀನಿ," ಎಂದ ವರ್ಲಿನ್, ಈಗ ನಿಜವಾಗಿಯೂ ಸಹಾಯಕ್ಕೆಂದೇ. "ಗಂಡಸಿನ ದನಿ ಕೇಳಿದ್ರೆ ಅವ್ರಿಗೂ ಒಂದು ಧೈರ್ಯ. ನಾವಿಬ್ರೂ ಬರ್ತೀವಿ ಅಂತೀನಿ."

"ಸುಮ್ನೆ ಕೂತ್ಕೋ."

ಅವಳು ನಂಬರು ಒತ್ತಿದಳು, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ನಡುವೆ ಇಟ್ಟಳು. ಆರು ಸಲ ರಿಂಗಾಯಿತು.

"ಪೊಸ್ಪಿಶಿಲ್," ಎಂದಿತು ಒಂದು ಮುದಿ ದನಿ. ಹಿಂದೆ ಟ್ರಾಕ್ಟರಿನ ಸದ್ದು.

ಮಾರ್ಲಿಸ್ ತನ್ನ ಹೆಸರು ಹೇಳಿದಳು, ಊರು ಹೇಳಿದಳು, ನದಿಯ ಪಕ್ಕದ ಸರ್ಕಾರಿ ಜಾಗಕ್ಕೆ ನಿಮ್ಮ ಹೊಲದ ಅಂಚಿನಲ್ಲಿ ನಡೆದುಹೋಗಲು ಅಪ್ಪಣೆ ಬೇಕು ಎಂದಳು. ಒಂದೇ ಉಸಿರಿನಲ್ಲಿ.

"ಬಂದೂಕಾ?"

"ಬಿಲ್ಲು."

"ಗಂಡಸ್ರು ಎಷ್ಟು ಜನ ಬರ್ತೀರಿ?"

ವರ್ಲಿನ್ ಎರಡು ಬೆರಳು ಎತ್ತಿ ತೋರಿಸಿದ. ಮಾರ್ಲಿಸ್ ಆ ಬೆರಳುಗಳನ್ನು ನೋಡಿಕೊಂಡೇ ಹೇಳಿದಳು: "ಗಂಡಸ್ರು ಯಾರೂ ಇಲ್ಲ. ನಾನೊಬ್ಬಳೇ."

ಟ್ರಾಕ್ಟರಿನ ಸದ್ದು ನಿಂತಿತು. ಆರ್ಡಿಸ್ ಕಣ್ಣು ಮುಚ್ಚಿದಳು.

"ಗೇಟು ಹಾಕೋ ಅಭ್ಯಾಸ ಇದೆಯೇನಮ್ಮಾ?"

"ಇದೆ."

"ಹೋದ ವರ್ಷ ನಾಲ್ಕು ಜನ ಗಂಡಸ್ರು ಬಂದಿದ್ರು. ದೊಡ್ಡ ದೊಡ್ಡ ಟ್ರಕ್ಕು. ಗೇಟು ಹಾರುಹೊಡೆದು ಹೋದ್ರು, ನನ್ನ ಎಂಟು ಹಸು ಹೆದ್ದಾರಿ ಸೇರಿದ್ವು. ನೀವು ಗೇಟು ಹಾಕ್ತೀರಿ ಅಂದ್ರೆ ಹೋಗಿ. ಬಂದ ದಿನ ಮನೆ ಹತ್ರ ಒಂದು ಮಾತು ಹೇಳಿ ಹೋಗಿ, ನಾಯಿ ಕಟ್ಟಿಹಾಕ್ತೀನಿ."

ಫೋನು ಇಟ್ಟದ್ದೇ ಮಾರ್ಲಿಸ್ ಮೇಜಿಗೆ ಅಂಗೈಯಿಂದ ಬಡಿದಳು, ಸೇಬುಗಳು ಕುಣಿಯುವಷ್ಟು ಜೋರಾಗಿ.

"ಏಳು ಜನಕ್ಕೆ ಅಡುಗೆ ಯಾರು ಮಾಡ್ತಾರೆ ಹಾಗಾದ್ರೆ?" ಎಂದ ವರ್ಲಿನ್. ದನಿಯಲ್ಲಿ ಜಗಳ ಉಳಿದಿರಲಿಲ್ಲ.

"ಏಳು ಜನಕ್ಕೆ ಹದಿನಾಲ್ಕು ಕೈ ಇದಾವೆ."

ಅವನು ಎದ್ದು ಟೋಪಿ ಹಾಕಿಕೊಂಡು ಹೊರಗೆ ಹೋದ. ಟ್ರಕ್ಕಿನ ಬಾಗಿಲು ಬಡಿದದ್ದು ಕೇಳಿಸಿತು. ಎಂಜಿನ್ ಶುರುವಾದದ್ದು ಕೇಳಿಸಲಿಲ್ಲ. ಆರ್ಡಿಸ್ ಸೇಬು ಹೆಚ್ಚಿ ಮುಗಿಸಿದಳು. ಮಾರ್ಲಿಸ್ ಪೆನ್ಸಿಲು ಚೂಪು ಮಾಡಿ, ಪಾತ್ರೆಯನ್ನು ಅಯೋವಾದಿಂದ ಪಕ್ಕಕ್ಕೆ ಸರಿಸಿದಳು.

ಹತ್ತು ನಿಮಿಷವಾದ ಮೇಲೆ ಅವನು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಟ್ರಕ್ಕಿನಲ್ಲಿದ್ದ ಯಾವುದೋ ರಸೀದಿ, ಅದರ ಹಿಂಬದಿಗೆ ಬರೆದುಕೊಳ್ಳಲು ಒಂದು ಪೆನ್ನು ಕೈಯಲ್ಲಿದ್ದವು.

"ಆ ಒಣ ಬೀನ್ಸು," ಎಂದ. "ಅದನ್ನ ಎಷ್ಟು ಹೊತ್ತು ನೆನೆಹಾಕಬೇಕು?"

"ಹಿಂದಿನ ರಾತ್ರಿಯೇ ಹಾಕ್ಬಿಡು," ಎಂದಳು ಮಾರ್ಲಿಸ್ ತಲೆಯೆತ್ತದೆ, ಪೊಸ್ಪಿಶಿಲ್‌ನ ಗೇಟಿನಿಂದ ನದಿಯ ಕಡೆಗೆ ಗೆರೆ ಎಳೆಯುತ್ತ.