ಗದ್ದ ಎದೆಗೆ ತಾಗಿದ ಮೇಲೆ

ಹದಿನಾರು ವರ್ಷ ಅತ್ತೆಯ ಕತ್ತು ತಿಕ್ಕಿದ್ದು ಈ ಕೈ. ಮಸಾಜ್ ಅಂಗಡಿಯಲ್ಲಿ ದಿನಕ್ಕೆ ಎಂಟು ಬೆನ್ನು ತಿಕ್ಕಿ ಬಂದರೂ ಮನೆಯಲ್ಲಿ ಒಂಬತ್ತನೆಯದು ಅವರದೇ. ಆಮೇಲೆ ಮೈದುನ ಫಿಸಿಯೋಥೆರಪಿ ಓದಿದವಳನ್ನು ಮದುವೆಯಾಗಿ ಕರೆತಂದ. ಆರನೇ ದಿನಕ್ಕೆ ಅತ್ತೆಯ ತಲೆ ನನ್ನ ಓರಗಿತ್ತಿಯ ಅಂಗೈಯಲ್ಲಿತ್ತು.

ಅತ್ತೆಗೆ ಎಡಗಡೆ ತಲೆಬುರುಡೆಯ ಬುಡದಿಂದ ಕಣ್ಣಿನವರೆಗೆ ನೋವು. ಕತ್ತು ಎರಡೂ ಕಡೆ ಭುಜದ ತನಕ ತಿರುಗುತ್ತದೆ, ತಪ್ಪು ಕನ್ನಡಕದ್ದೇ ಎಂದವಳು ನಾನು. ಎರಡು ಸಲ ಕನ್ನಡಕ ಬದಲಾಯಿಸಿದೆವು.

ಅವಳು ಅತ್ತೆಯನ್ನು ಅಂಗಾತ ಮಲಗಿಸಿ, ಗದ್ದ ಎದೆಗೆ ತಾಗುವಷ್ಟು ಬಗ್ಗಿಸಿ, ಆಮೇಲೆ ತಲೆ ತಿರುಗಿಸಿದಳು. ಬಲಕ್ಕೆ ಸಲೀಸು. ಎಡಕ್ಕೆ ಅರ್ಧದಲ್ಲೇ ನಿಂತಿತು.

"ನೋಡಿ ಅಕ್ಕ, ಹೀಗೆ ಬಗ್ಗಿಸಿದ್ರೆ ಕೆಳಗಿನ ಕೀಲೆಲ್ಲ ಬಿಗಿಯುತ್ತೆ. ತಿರುಗೋದು ಮೇಲಿನ ಎರಡು ಮೂಳೆ ಮಾತ್ರ. ಮೊದಲನೇದು ಉಂಗುರ, ಎರಡನೇದರ ಗೂಟದ ಸುತ್ತ ಸುತ್ತುತ್ತೆ. ಅಲ್ಲೇ ಹಿಡಿದಿರೋದು. ಕತ್ತು ನೆಟ್ಟಗಿಟ್ಟು ತಿರುಗಿಸಿದ್ರೆ ಕೆಳಗಿನವು ಆ ಕೊರತೆ ಮುಚ್ಚಿಬಿಡುತ್ವೆ."

"ನಮ್ಮ ಚಿಕ್ಕವಳ ಕೈ ಬೆಣ್ಣೆ ಕಣೇ," ಎಂದರು ಅತ್ತೆ.

"ಹೂಂ, ನಂದು ಒನಕೆ," ಎಂದು ಎಣ್ಣೆ ಬಟ್ಟಲು ಕುಕ್ಕಿದೆ.

ಆ ದಿನ ಅವಳ ಬಟ್ಟೆಯನ್ನು ಎರಡು ಹಿಂಡು ಜಾಸ್ತಿಯೇ ಹಿಂಡಿದೆ.

ಭಾನುವಾರ ಅವಳು ಸ್ನಾನಕ್ಕೆ ಹೋದದ್ದೇ ತಡ, ಅತ್ತೆಯ ತಲೆ ನಾನು ಹಿಡಿದೆ. ಗದ್ದ ಬಗ್ಗಿಸಿ ಎಡಕ್ಕೆ ತಿರುಗಿಸಿದೆ. ಅದೇ ಜಾಗದಲ್ಲಿ ನಿಂತಿತು. ಇಷ್ಟು ವರ್ಷ ಆ ತಡೆ ನನ್ನ ಬೆರಳಡಿಯಲ್ಲೇ ಇತ್ತಲ್ಲ! ಮೈಯೆಲ್ಲ ಉರಿಯಿತು. ಅಂಗಡಿಯಲ್ಲಿ ಬಂದವರ ಕತ್ತು ಲಟಕ್ ಎನ್ನಿಸಿ ಭೇಷ್ ಎನ್ನಿಸಿಕೊಳ್ಳುವವಳು ನಾನು. ಒಂದೇ ಎಳೆತ, ಅವಳು ಬರುವಷ್ಟರಲ್ಲಿ ಬಿಡಿಸಿಬಿಡುತ್ತೇನೆ. ಮೊಣಕೈ ಬಿಗಿಮಾಡಿದೆ.

ಅತ್ತೆ ಕಣ್ಣು ತೆರೆಯದೆ ನನ್ನ ಮಣಿಕಟ್ಟು ಹಿಡಿದರು. "ಸಿಟ್ಟು ಬಂದಾಗಲೇ ನಿನ್ನ ಹೆಬ್ಬೆಟ್ಟು ಹೀಗೆ ಒತ್ತೋದು. ನನ್ನ ಮೇಲಾ, ಅವಳ ಮೇಲಾ?"

"ಅವಳ ಮೇಲೆ."

"ಮತ್ತೆ ನನ್ನ ಕತ್ತು ಯಾಕೆ ಮುರೀತೀಯ?"

ಕೈ ತಾನಾಗಿ ಸಡಿಲವಾಯಿತು. ತಲೆಯನ್ನು ಮೆಲ್ಲಗೆ ದಿಂಬಿಗಿಟ್ಟು, ಹೋಗಿ ಬಚ್ಚಲ ಬಾಗಿಲು ಬಡಿದೆ.

"ಎಷ್ಟೊತ್ತೇ ಮೀಯೋದು? ಬಾ, ಎಡಗಡೆ ಹೇಗೆ ಬಿಡಿಸ್ತೀಯೋ ತೋರಿಸು."

ಒದ್ದೆ ತಲೆಯಲ್ಲೇ ಓಡಿಬಂದಳು. ನಾನು ಮತ್ತೆ ತಲೆ ಹಿಡಿದು ಕೂತಾಗ ಅವಳ ಕೈ ನನ್ನ ಕೈಮೇಲೆ ಬರಲು ಹೊರಟಿತು.

"ಮುಟ್ಟಬೇಡ," ಎಂದೆ. "ಬಾಯಲ್ಲಿ ಹೇಳು, ಸಾಕು."