ನೀರು ಕುಡಿಯದ ಕಂಡಕ್ಟರಮ್ಮ

ಬಸ್ಸು ಆಟದ ಮೈದಾನದ ಪಕ್ಕ ತಿರುಗಿತೆಂದರೆ ಸಾಕು, ಕಂಡಕ್ಟರಮ್ಮನ ಕಣ್ಣು ಕಿಟಕಿಯಾಚೆ ಹೋಗುತ್ತದೆ. ಅಲ್ಲಿ ಬೆಳಗಿನ ಹೊತ್ತು ಹತ್ತಾರು ಹೆಂಗಸರು ಓಡುತ್ತಿರುತ್ತಾರೆ. ಅವರು ಮರೆಯಾಗುವವರೆಗೂ ಇವಳು ನೋಡುತ್ತಾಳೆ. ಶಾಲೆಯಲ್ಲಿ ಓಟದಲ್ಲಿ ಇವಳನ್ನು ಹಿಂದೆ ಹಾಕಿದವರಿರಲಿಲ್ಲ. ಆಗ ಎಲ್ಲರೂ ‘ಜಿಂಕೆ’ ಎಂದೇ ಕರೆಯುತ್ತಿದ್ದರು. ಈಗ ಮೂವತ್ತೆಂಟಕ್ಕೇ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು. ಆ ಕಾಲುಗಳು ಒಂದೇ ಒಂದು ಸಲ ತನಗೆ ವಾಪಸು ಬರಬಾರದೇ ಎಂದು ಜೀವ ಹಂಬಲಿಸುತ್ತದೆ. ಅಷ್ಟರಲ್ಲಿ ಯಾರೋ ಟಿಕೆಟ್ ಕೇಳುತ್ತಾರೆ.

ಕಂಡಕ್ಟರಮ್ಮನಿಗೆ ಒಂದು ವಿದ್ಯೆ ಗೊತ್ತು. ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಮಧ್ಯಾಹ್ನ ಎರಡರವರೆಗೆ ತೊಟ್ಟು ನೀರು ಕುಡಿಯುವುದಿಲ್ಲ. ಕುಡಿದರೆ ತಾನೇ ಶೌಚಾಲಯದ ಗೊಡವೆ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಕಂಡಕ್ಟರಮ್ಮ ಒಬ್ಬರು ಹೇಳಿಕೊಟ್ಟದ್ದು. ಹನ್ನೆರಡು ವರ್ಷದಿಂದ ಇವಳು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಾಳೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಉಂಟು.

ಒಂದು ದಿನ ಮುಂದಿನ ಸೀಟಿನಲ್ಲಿದ್ದ ನರ್ಸಕ್ಕ ಟಿಕೆಟ್ ತೆಗೆದುಕೊಳ್ಳುವಾಗ ಇವಳ ಕೈ ಹಿಡಿದುಕೊಂಡರು. ಆಸ್ಪತ್ರೆಗೆ ದಿನವೂ ಇದೇ ಬಸ್ಸಿನಲ್ಲಿ ಹೋಗುವವರು ಅವರು.

“ಏನೇ ಇದು, ಕೈ ಕೆಂಡ ಆಗಿದೆಯಲ್ಲ!”

“ಸ್ವಲ್ಪ ಜ್ವರ ಅಕ್ಕಾ. ಸೊಂಟ ನೋವು.”

“ಮೂತ್ರ ಮಾಡುವಾಗ ಉರೀತದಾ?”

ಕಂಡಕ್ಟರಮ್ಮ ಸುತ್ತ ನೋಡಿ ಹೌದೆಂದು ತಲೆಯಾಡಿಸಿದಳು. “ಈ ವರ್ಷ ಇದು ಮೂರನೇ ಸಲ. ತಾನಾಗೇ ಹೋಗತ್ತೆ ಬಿಡಿ.”

“ಸೋಂಕು ಇದ್ದಂಗಿದೆ. ನೀರು ಕುಡೀದೆ, ಬಂದದ್ದನ್ನೂ ತಡ್ಕೊಂಡು ಕೂತ್ರೆ ಇನ್ನೇನಾಗತ್ತೆ? ಕಿಡ್ನಿಗೆ ಹೋದ್ರೆ ಕಷ್ಟ. ಇವತ್ತೇ ಡಾಕ್ಟ್ರಿಗೆ ತೋರ್ಸು.”

“ಇವತ್ತಾಗಲ್ಲಕ್ಕಾ. ಅತ್ತೆಗೆ ಕಣ್ಣು ತೋರಿಸ್ಬೇಕು, ಮಗಳಿಗೆ ಶೂ ತರ್ಬೇಕು…”

“ಎಂಜಿನ್ನಿಗೆ ನೀರು ನೋಡ್ದೆ ಡ್ರೈವರಣ್ಣ ಗಾಡಿ ತೆಗೀತಾರಾ? ಅವರಿಗೆ ಗಾಡಿ ಮೇಲಿರೋ ಅಕ್ಕರೆ ನಿನಗೆ ನಿನ್ನ ಮೈಮೇಲೆ ಇಲ್ವಲ್ಲೇ!”

“ನನ್ನನ್ನ ನಾನೇ ಮುದ್ದು ಮಾಡ್ಕೊಂಡು ಕೂತ್ರೆ ಮನೆ ನಡಿಯತ್ತಾ,” ಎಂದು ನಕ್ಕು ಕಂಡಕ್ಟರಮ್ಮ ಸೀಟಿ ಊದಿದಳು.

ಕೆಲಸ ಮುಗಿಸಿ, ಶೂ ಕೊಂಡು ಸಂಜೆ ಮನೆಗೆ ಬಂದರೆ ಆರನೇ ತರಗತಿಯ ಮಗಳು ಮುದುಡಿ ಮಲಗಿದ್ದಳು. ಶಾಲೆಯ ಚೀಲ ಎತ್ತಿದರೆ ಭಾರ. ಬೆಳಗ್ಗೆ ತುಂಬಿಸಿಕೊಟ್ಟ ನೀರಿನ ಬಾಟಲಿ ಹಾಗೇ ಇತ್ತು.

“ಯಾಕೆ ಪುಟ್ಟಿ, ನೀರೇ ಕುಡಿದಿಲ್ವಾ?”

“ಶಾಲೇಲಿ ಶೌಚಾಲಯ ಗಲೀಜಮ್ಮ. ನಾನೀಗ ಮನೆಗೆ ಬರೋವರೆಗೂ ಕುಡಿಯಲ್ಲ. ಥೇಟ್ ನಿನ್ನ ಥರಾನೇ!” ಮಗಳು ಹೆಮ್ಮೆಯಿಂದ ನಕ್ಕಳು. “ಆದ್ರೆ ಇವತ್ತು ಓಡೋವಾಗ ತಲೆ ಸುತ್ತಿ ಕೂತ್ಬಿಟ್ಟೆ. ಓಟದ ತಂಡಕ್ಕೆ ಬೇಡ ಅಂದ್ಬಿಡ್ತಾರೇನಮ್ಮ?”

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಜನ ಹೇಳುವಾಗ ಕಂಡಕ್ಟರಮ್ಮ ಹಿಗ್ಗುತ್ತಿದ್ದಳು. ಈಗ ಅದೇ ಗಾದೆ ಕಪಾಳಕ್ಕೆ ಬಡಿದಂತಾಯಿತು. ತನ್ನ ಓಟ ಹೋದದ್ದನ್ನು ಹೇಗೋ ಸಹಿಸಿಕೊಂಡಿದ್ದಳು. ಮಗಳದ್ದೂ ಹೋಗುವುದನ್ನು ಸಹಿಸುವಂತಿರಲಿಲ್ಲ.

“ಚೆನ್ನಾಗಿ ಬುದ್ಧಿ ಹೇಳು ಅವಳಿಗೆ,” ಎಂದರು ಅತ್ತೆ.

ಯಾವ ಬಾಯಲ್ಲಿ ಹೇಳುವುದು? ಕಂಡಕ್ಟರಮ್ಮ ಎರಡು ಲೋಟ ನೀರು ತಂದಳು. ಒಂದನ್ನು ಮಗಳ ಕೈಗೆ ಕೊಟ್ಟು, ಇನ್ನೊಂದನ್ನು ಅವಳೆದುರೇ ತಾನು ಕುಡಿದಳು. ಆಮೇಲೆ ಆ ಮನೆಯಲ್ಲಿ ಎಂದೂ ಆಡದ ಮಾತು ಆಡಿದಳು.

“ಅತ್ತೆ, ನನಗೆ ಹುಷಾರಿಲ್ಲ. ಈಗಲೇ ಡಾಕ್ಟ್ರ ಹತ್ರ ಹೋಗ್ಬೇಕು. ಇವಳನ್ನೂ ತೋರಿಸ್ಕೊಂಡು ಬರ್ತೀನಿ.”

“ಅಡುಗೆ?” ಎಂದ ಗಂಡ.

“ನಿನಗೇನು ಕೈಯಿಲ್ವೇನೋ?” ಅತ್ತೆ ಮಗನನ್ನು ಗದರಿದರು. ಬಳಿಕ ಅವರ ದನಿ ಇಳಿಯಿತು. “ಹೋಗಿ ಬಾಮ್ಮ. ನಾನೂ ಹಿಂಗೇ ಅನುಭವಿಸ್ದೋಳು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನನ್ನ ಕಣ್ಣು ನಾಳೆ ತೋರಿಸಿದ್ರಾಯ್ತು.”

ಮೂತ್ರ ಪರೀಕ್ಷೆಯಲ್ಲಿ ತಾಯಿಗೆ ಸೋಂಕು ಇರುವುದು ತಿಳಿಯಿತು. ರಕ್ತ ಪರೀಕ್ಷೆಯಲ್ಲಿ ರಕ್ತವೂ ಕಡಿಮೆಯೆಂದು ಬಂತು. ಉರಿ ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ, ಕೊಟ್ಟಷ್ಟನ್ನೂ ಮುಗಿಸಿ ಎಂದರು ಡಾಕ್ಟರು. ಮಗಳಿಗೆ ನೀರೇ ಔಷಧಿ ಎಂದರು.

ಮರುದಿನ ಕಂಡಕ್ಟರಮ್ಮ ಧೈರ್ಯ ಮಾಡಿ ಡ್ರೈವರಣ್ಣನನ್ನು ಕೇಳಿದಳು. “ಅಣ್ಣಾ, ಕೊನೇ ಸ್ಟಾಪಲ್ಲಿ ನನಗೆ ಐದು ನಿಮಿಷ ಬೇಕು. ಶೌಚಾಲಯಕ್ಕೆ ಹೋಗಿ ಬರ್ತೀನಿ.”

“ಅಯ್ಯೋ ತಾಯಿ, ನಾನು ದಿನಾ ಹೋಗಿ ಬರ್ತೀನಿ. ನಿನಗೂ ಬೇಕಾಗತ್ತೆ ಅಂತ ಈ ಬುರುಡೆಗೆ ಹೊಳೀಲೇ ಇಲ್ವಲ್ಲ!” ಎಂದು ಡ್ರೈವರಣ್ಣ ಹಣೆ ಚಚ್ಚಿಕೊಂಡರು.

ಆ ವಾರವೇ ನಾಲ್ಕು ಜನ ತಾಯಂದಿರು ಸೇರಿ ಶಾಲೆಗೆ ಹೋಗಿ ಶೌಚಾಲಯ ತೊಳೆಸಿದರು.

ಈಗ ಸಂಜೆ ತಾಯಿ ಮಗಳು ಇಬ್ಬರೂ ಮೈದಾನಕ್ಕೆ ಹೋಗುತ್ತಾರೆ. ಮಗಳು ಓಡುತ್ತಾಳೆ, ತಾಯಿ ಅರ್ಧ ಗಂಟೆ ನಡೆಯುತ್ತಾಳೆ. ಮೊನ್ನೆ ಇಪ್ಪತ್ತು ಹೆಜ್ಜೆ ಓಡಿ, ಮಂಡಿ ಹಿಡಿದು ನಿಂತಳು. ಹಳೆಯ ಕಾಲು ಬಂದಿಲ್ಲ, ಬರುವುದೂ ಇಲ್ಲವೇನೋ. ಆ ಹಂಬಲ ಇದ್ದೇ ಇದೆ. ಆದರೂ ಇಷ್ಟು ವರ್ಷ ದುಡಿದು ತನ್ನನ್ನು ಹೊತ್ತು ನಿಂತ ಈ ಕಾಲುಗಳ ಮೇಲೆ ಮೊದಲ ಸಲ ಅವಳಿಗೆ ಪ್ರೀತಿ ಉಕ್ಕಿತು. ಕೂತು, ಮೆಲ್ಲಗೆ ಒತ್ತಿಕೊಂಡಳು.

ಅಕ್ಕಾ, ಇದನ್ನು ಓದುತ್ತಿರುವ ನೀವು ಬೆಳಗಿನಿಂದ ಎಷ್ಟು ನೀರು ಕುಡಿದಿರಿ? ಉರಿ, ಜ್ವರ, ಸೊಂಟ ನೋವು ಇದ್ದರೆ ನಾಚಿಕೆ ಬಿಟ್ಟು ಇಂದೇ ವೈದ್ಯರನ್ನು ಕಾಣಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಕೈಲಾದಷ್ಟು ನಡೆಯಿರಿ. ಕೆಲಸದ ಜಾಗದಲ್ಲಿ ಐದು ನಿಮಿಷ ಬೇಕೆಂದು ಬಾಯಿಬಿಟ್ಟು ಕೇಳಿ. ನಿಮ್ಮನ್ನು ನೀವು ಹೇಗೆ ನೋಡಿಕೊಳ್ಳುತ್ತೀರೋ ನಿಮ್ಮ ಮಗಳು ಅದನ್ನೇ ಕಲಿಯುತ್ತಾಳೆ. ಈಗ ಎದ್ದು ಹೋಗಿ ಒಂದು ಲೋಟ ನೀರು ಕುಡಿಯಿರಿ. ಮನೆಯವರ ಕೆಲಸ ಅಷ್ಟು ಹೊತ್ತು ಕಾಯುತ್ತದೆ.