ಹೊರಗಿನಿಂದ ಒಳಕ್ಕೆ

ಆ ಹನ್ನೆರಡು ಎಕರೆಯಲ್ಲಿ ಯಾರೂ ವಾಸವಿಲ್ಲ ಎಂದು ಕಂಪನಿಯವರು ಬರೆದು, ಮೊಹರು ಒತ್ತಿಸಿ, ಗೇಟಿಗೆ ಅಂಟಿಸಿದರು. ಅಲ್ಲಿದ್ದ ಹದಿನಾಲ್ಕು ಮನೆಗಳನ್ನು ಆರು ವರ್ಷಗಳ ಹಿಂದೆ ಅವರೇ ಕೆಡವಿಸಿದ್ದರು.

ಬಿದ್ದ ಗೋಡೆಗಳ ಮೇಲೆ ಮುಳ್ಳುಪೊದೆ ಆಳೆತ್ತರ ಬೆಳೆದು, ಒಂದಕ್ಕೊಂದು ಹೆಣೆದುಕೊಂಡು, ಹಗಲಲ್ಲೂ ಒಳಗೆ ಕತ್ತಲೆ. ಅದನ್ನು ತೆಗೆಯಲು ಮಲ್ಚರ್ ಬಂತು. ಬುಲ್ಡೋಜರಿನಂತೆ ಚೈನಿನ ಮೇಲೆ ಉರುಳುವ ಯಂತ್ರ. ಮುಂದೆ ಉಕ್ಕಿನ ಹಲ್ಲುಗಳಿರುವ ದಪ್ಪ ಉರುಳೆ. ಗಿಡವೋ ಮರವೋ, ಅದರ ಬಾಯಿಗೆ ಸಿಕ್ಕಿದ್ದು ನೋಡನೋಡುತ್ತಲೇ ಪುಡಿ. ಕೊಡಲಿಯಾದರೆ ಬುಡವನ್ನಾದರೂ ಉಳಿಸುತ್ತದೆ. ಇದು ಗುರುತನ್ನೂ ಉಳಿಸುವುದಿಲ್ಲ. ಕಂಪನಿಯವರಿಗೆ ಬೇಕಾಗಿದ್ದೂ ಅದೇ.

ಅದನ್ನು ಓಡಿಸುವವನಿಗೆ ಹನ್ನೊಂದು ವರ್ಷಗಳ ಅನುಭವ. ಒಂದು ಬದಿಯಿಂದ ಶುರುಮಾಡಿ ಪಟ್ಟಿಪಟ್ಟಿಯಾಗಿ ಹೋಗುವುದು ಅವನು ಕಲಿತ ಕ್ರಮ. ಒಳಗಿನ ಮೊಲ, ಮುಂಗುಸಿ, ಹಾವು ಇನ್ನೊಂದು ಬದಿಯಿಂದ ಜೀವ ಉಳಿಸಿಕೊಂಡು ಓಡಲಿ ಎಂದು. ಆದರೆ ಈ ಸಲ ಮೊದಲ ದಿನವೇ ಮೇಲ್ವಿಚಾರಕ ಬೇರೆ ಹೇಳಿದ. ಮೇಲ್ವಿಚಾರಕನೆಂದರೆ ಅವನ ಅಕ್ಕನ ಗಂಡ. ಈ ಕೆಲಸ ಕೊಡಿಸಿದವನೂ ಅವನೇ.

“ಸುತ್ತ ಹೊಡ್ಕೊಂಡು ಬಾ. ಹೊರಗಿಂದ ಒಳಕ್ಕೆ.”

“ಹಂಗೆ ಮಾಡಿದ್ರೆ ಎಲ್ಲಾ ನಡುಮಧ್ಯ ಸಿಕ್ಕಾಕ್ಕೊಳ್ತವಲ್ಲ ಭಾವ?”

“ಯಾರು ಸಿಕ್ಕಾಕ್ಕೊಳ್ಳೋದು? ಗೇಟಲ್ಲಿ ಓದ್ಲಿಲ್ವಾ? ಸೊಳ್ಳೆಗೂ ನೋಟಿಸ್ ಕೊಟ್ಟಾಗಿದೆ.”

ಭಾವ ನಕ್ಕ. ಅವನ ಕಣ್ಣು ಮಾತ್ರ ಪೊದೆಯ ಕಡೆಗೇ ಇತ್ತು.

ನಾಲ್ಕನೇ ದಿನ ಮಧ್ಯಾಹ್ನಕ್ಕೆ ನಡುವೆ ಒಂದು ಎಕರೆಯಷ್ಟು ಪೊದೆ ಉಳಿದಿತ್ತು. ಸುತ್ತಲೂ ಬೋಳು ನೆಲ, ಹಸಿ ಚೂರುಗಳ ವಾಸನೆ. ಮೊದಲೆರಡು ದಿನ ಮೊಲಗಳು ಅಂಚಿನವರೆಗೆ ಬಂದು, ಬಯಲು ಕಂಡು ಬೆದರಿ, ಮತ್ತೆ ಒಳಗೇ ನುಗ್ಗಿದ್ದವು. ಆಮೇಲೆ ಯಾವುದೂ ಹೊರಗೆ ತಲೆ ಹಾಕಿರಲಿಲ್ಲ.

ಈಗ ಒಂದು ಕೋಳಿ ಬಂತು. ಬೂದು ಬಣ್ಣದ್ದು. ಅದರ ಒಂದು ಕಾಲಿಗೆ ನೀಲಿ ಬಟ್ಟೆಯ ಚೂರು ಕಟ್ಟಿತ್ತು.

ಅವನು ಎಂಜಿನ್ ಆರಿಸಿ ಕೆಳಗಿಳಿದ. ಭಾವ ದಾಪುಗಾಲು ಹಾಕುತ್ತ ಬಂದ.

“ಯಾಕೆ ನಿಲ್ಲಿಸ್ದೆ?”

“ಕೋಳಿ.”

“ಕಾಡುಕೋಳಿ ಇರ್ಬೇಕು.”

“ಕಾಡುಕೋಳಿ ಕಾಲಿಗೆ ಬಟ್ಟೆ ಕಟ್ಟಿದ್ದು ಯಾರು ಭಾವ? ಕಾಡಾ?”

ಭಾವ ಕತ್ತಿನ ಬೆವರು ಒರೆಸಿಕೊಂಡು ದನಿ ಇಳಿಸಿದ. “ಒಬ್ಬಳು ಮುದುಕಿ ಕಣೋ. ಇಲ್ಲೇ ಮನೆ ಇತ್ತಂತೆ. ಎರಡು ಸಲ ಎತ್ತಿ ಹೊರಗೆ ಹಾಕಿದ್ವಿ, ಎರಡು ಸಲಾನೂ ಬಂದು ಸೇರ್ಕೊಂಡ್ಳು. ಸದ್ದು ಹತ್ರ ಬಂದ್ರೆ ತಾನಾಗೇ ಎದ್ದು ಹೋಗ್ತಾಳೆ.”

“ನಾಲ್ಕು ದಿನದಿಂದ ಸದ್ದು ಹತ್ರ ಬರ್ತಾನೇ ಇದೆ. ಹೋದ್ಲಾ?”

ಭಾವ ಗೇಟಿನ ಕಡೆಗೊಮ್ಮೆ ತಿರುಗಿ ನೋಡಿದ.

“ಪೊದೆ ಒಳಗೆ ಯಾರು ಕೂತಿದ್ರೂ ಮೇಲಿಂದ ನನಗೆ ಕಾಣಲ್ಲ. ಮಲಗಿದ್ರಂತೂ ಕೇಳೋದೇ ಬೇಡ.”

“ಕಾಣದೇ ಇದ್ರೆ ನಿನ್ನ ತಪ್ಪು ಹೇಗಾಗುತ್ತೆ?” ಮಗುವಿಗೆ ಸಮಾಧಾನ ಹೇಳುವಷ್ಟು ಮೆತ್ತಗೆ ಹೇಳಿದ ಭಾವ. “ಕಾಗದದಲ್ಲಿ ಅವಳಿಲ್ಲ. ಇಲ್ಲದವಳಿಗೆ ಏನಾಗುತ್ತೆ?”

ಅವನು ಭಾವನ ಮುಖ ನೋಡಿದ. ಅದು ಭಾವನ ಮಾತಲ್ಲ. ಯಾರೋ ಕೂರಿಸಿಕೊಂಡು ಬಾಯಿಪಾಠ ಮಾಡಿಸಿ ಕಳಿಸಿದ್ದು.

ಪೊದೆಯೊಳಗೆ ಯಾರೋ ಕೆಮ್ಮಿದರು. ಇಬ್ಬರಿಗೂ ಕೇಳಿಸಿತು. ಕೆಮ್ಮು ಮುಗಿಯುವ ಮೊದಲೇ ಭಾವ ದನಿ ಎತ್ತರಿಸಿದ. “ಗಾಡಿ ಹತ್ತು, ಹತ್ತು. ಕತ್ತಲಾಗೋದ್ರೊಳಗೆ ಮುಗಿಸು. ಇಲ್ದಿದ್ರೆ ನಿನ್ನ ಜೊತೆ ನನ್ನ ಕೆಲಸಾನೂ ಹೋಗುತ್ತೆ. ನಿಮ್ಮಕ್ಕನ ಮುಖ ಆದ್ರೂ ನೋಡು.”

“ಅಕ್ಕಂಗೆ ನಾನೇ ಹೇಳ್ತೀನಿ. ಇದನ್ನ ಮಾತ್ರ ನಾನು ಹೊಡೆಯಲ್ಲ.”

“ಸರಿ, ಕೀ ಕೊಡು. ಬೇರೆಯವನು ಹೊಡೀತಾನೆ.”

ಅವನು ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಪೊದೆಗೆ ಬೆನ್ನು ಕೊಟ್ಟು ನಿಂತ.

“ಕೊಡಲ್ಲ ಭಾವ.”